ಮೋರೇರ ಗುಡ್ಡಕ್ಕೆ ಮೆಟ್ಟಿಲು ಬೇಡ, ದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು ನಾನು. ಭಾನುವಾರ ಒಂದೇ ಬಿಡುವು. ಅಷ್ಟರಲ್ಲಿ ಚಿಕ್ಕಮಗಳೂರಿಗೆ ಹೊರಟರೆ ಇಡೀ ದಿನ ಬಸ್ಸಿನಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನನ್ನ ಪಾಲಿಗೆ ಹಿರೇಬೆಣಕಲ್ ಗುಡ್ಡವೇ ಮಲೆನಾಡು. ಊರಿಂದ ಸುಮಾರು 10 ಕಿಲೋಮೀಟರ್. ‘ಅಲ್ಲೇನೈತಿ, ಬರೀ ಕಲ್ಲು’ ಅಂತ ನಮ್ಮವರೇ ನಗುತ್ತಾರೆ. ಹೌದು, ಕಲ್ಲೇ. ಆದರೆ ಎಂಥ ಕಲ್ಲು!

ನಮ್ಮ ಕಡೆ ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ಮೋರೇರು ಅಂದರೆ ಮೂರಡಿ ಎತ್ತರದ, ಭಾರಿ ಶಕ್ತಿಯ ಜನ, ಇವು ಅವರ ಮನೆಗಳು ಅಂತ ಅಜ್ಜಿ ಹೇಳುತ್ತಿದ್ದಳು. ಓದಿದವರ ಪ್ರಕಾರ ಇವು ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾ ಸಮಾಧಿಗಳು. ಸುಮಾರು 400 ಇವೆ. ಮೂರು ಚಪ್ಪಡಿ ನಿಲ್ಲಿಸಿ, ಮುಂದೊಂದು ಚಪ್ಪಡಿ ಮುಚ್ಚಿ, ಮೇಲೊಂದು ಹೊದಿಸಿದ್ದಾರೆ. ಗಾರೆ ಇಲ್ಲ, ಒಂದರ ಭಾರಕ್ಕೆ ಇನ್ನೊಂದು ನಿಂತಿದೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ನನ್ನ ಮಗಳು ಅದರೊಳಗೆ ಕೈ ಹಾಕಿ, ‘ಅಪ್ಪಾ, ಒಳಗೆ ತಂಪೈತಿ’ ಅಂದಳು. ಹೊರಗೆ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಪಕ್ಕದಲ್ಲೇ ನೀರಿನ ಹೊಂಡವಿದೆ, ಚಪ್ಪಡಿ ಎಬ್ಬಿಸಿದ ಗಣಿಯೇ ಆಮೇಲೆ ಹೊಂಡವಾಯಿತಂತೆ. ಇನ್ನೊಂದು ಕಡೆ ದೊಡ್ಡ ಗುಂಡಿನ ಮೇಲೆ ನಗಾರಿ ಕಲ್ಲು. ಬಡಿದರೆ ನಿಜಕ್ಕೂ ನಗಾರಿಯ ಹಾಗೆ ಮೊಳಗುತ್ತೆ. ಚಿಕ್ಕವನಿದ್ದಾಗ ನಾನೂ ಬಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಗ ಹುಡುಗರನ್ನು ಬೈದು ತಡೆಯುವ ಸರದಿ ನನ್ನದು.

2021ರಲ್ಲಿ ಈ ಜಾಗ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟಿದ್ದೂ ಹೋದ ತಿಂಗಳು ನಾವು ಐದು ಜನ ದಾರಿ ತಪ್ಪಿ ಮುಕ್ಕಾಲು ಗಂಟೆ ಸುತ್ತಿದೆವು. ಜಾಡು ಅಂತ ಹಿಡಿದದ್ದು ಆಡು ಓಡಾಡುವ ಜಾಡು. ಮುಂದೆ ಬರೀ ಮುಳ್ಳು, ಬಂಡೆ. ಬಾಟಲಿಯಲ್ಲಿ ನೀರು ಮುಗಿಯುತ್ತಾ ಬಂದಿತ್ತು. ಕೊನೆಗೆ ಒಬ್ಬ ಕುರಿಗಾಹಿ ಕೂಗಿ ಕೇಳಿದ: ‘ಇತ್ತಲಾಗ ಎಲ್ಲಿಗ್ ಹೊಂಟೀರ್ರಿ? ಮೋರೇರ ಮನಿ ಅತ್ತಲಾಗ ಅದಾವ್ರಿ.’ ಅವನೇ ಮೇಲಿನ ತನಕ ಬಂದ. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ನಮ್ಮ ಮಂಡಾಳ ಒಗ್ಗರಣಿ ಮಾತ್ರ ಎರಡು ಸಲ ಹಾಕಿಸಿಕೊಂಡ. ಕರಡಿ, ಚಿರತೆ ಇರುವ ಸೀಮೆ ಇದು. ಸಂಜೆ ಹೊತ್ತು ಹೀಗಾಗಿದ್ದರೆ?

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಸಣ್ಣದು. ಊರಿಂದ ಮೇಲಿನ ತನಕ, ದಾರಿ ಕವಲೊಡೆಯುವ ಕಡೆಯೆಲ್ಲ ಮೊಣಕಾಲುದ್ದದ ಗುರುತಿನ ಕಲ್ಲು ನೆಡಿ. ಹತ್ತುವ ಮೊದಲು ಕುಡಿಯುವ ನೀರಿನ ಒಂದು ನಲ್ಲಿ ಇರಲಿ. ಊರಿನ ನಾಲ್ಕು ಹುಡುಗರಿಗೆ ಗೈಡ್ ಕೆಲಸ ಕೊಡಿ, ನಾವು ದುಡ್ಡು ಕೊಟ್ಟೇ ಹೋಗುತ್ತೇವೆ.

ದಯವಿಟ್ಟು ಮೆಟ್ಟಿಲು, ರೋಪ್‌ವೇ ಅಂತ ಹೊರಡಬೇಡಿ. ಅಂಜನಾದ್ರಿಗೆ 575 ಮೆಟ್ಟಿಲಿವೆ, ಅಲ್ಲಿ ದಾರಿ ತಪ್ಪುವ ಮಾತೇ ಇಲ್ಲ. ಆದರೆ ಶನಿವಾರ ಹೋದರೆ ಗುಡ್ಡ ಕಾಣಲ್ಲ, ಮುಂದಿನವರ ಬೆನ್ನು ಕಾಣುತ್ತೆ. ಅದು ದೇವರ ಗುಡ್ಡ, ಅಲ್ಲಿ ಜನ ಇರಬೇಕಾದ್ದೇ. ಇಲ್ಲಿ ಹತ್ತಿ ಕೂತರೆ ಕೆಳಗೆ ಹಸಿರು ಭತ್ತದ ಗದ್ದೆ, ಕಿವಿಗೆ ಬರೀ ಗಾಳಿ. ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಹೊರಟರೆ ಊಟದ ಹೊತ್ತಿಗೆ ಮನೆಯಲ್ಲಿರಬಹುದು.

ಇನ್ನೊಂದು ಮಾತು. ದಾರಿಯ ಗುರುತು ಹಾಕುವಾಗ ಪೇಂಟ್ ಡಬ್ಬಿ ಹಿಡಿದು ಆ ಮನೆಗಳ ಚಪ್ಪಡಿ ಮೇಲೆ ಬಾಣ ಬಳಿಯಬೇಡಿ. ಪ್ರೇಮಿಗಳು ಈಗಾಗಲೇ ಅಲ್ಲಿ ಸಾಕಷ್ಟು ಬಾಣ ಬಿಟ್ಟಿದ್ದಾರೆ.

— ಔಷಧಿ ಅಂಗಡಿಯ ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ