ಗಾರ್ಡನ್ ಸಿಟಿಗೆ ಹೊರಟ ಅಳಿಯನಿಗೆ

ಚಿ. ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಗಾರ್ಡನ್ ಸಿಟಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ರೈತರ ಎದುರು ನಿಂತು ಮಾತಾಡುವ ಮೊದಲು ಆ ಸೀಮೆಯ ಗುಣ ನಿನಗೆ ಗೊತ್ತಿರಬೇಕು. ದನ, ಗೋಧಿ, ಮಾಂಸದ ಕಾರ್ಖಾನೆ ಎಲ್ಲ ಕಣ್ಣಿಗೆ ತಾನಾಗಿ ಬೀಳುತ್ತವೆ. ನೀನು ಮೊದಲು ಬೋರಿನ ನೀರು ವಿಚಾರಿಸು.

ಗಾರ್ಡನ್ ಸಿಟಿ ಇರುವ ಫಿನ್ನಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ವಿಸ್ತಾರ ಸುಮಾರು 1,300 ಚದರ ಮೈಲಿ. 2020ರ ಜನಗಣತಿಯಲ್ಲಿ 38,470 ಜನ, ಅವರಲ್ಲಿ 28 ಸಾವಿರದಷ್ಟು ಗಾರ್ಡನ್ ಸಿಟಿಯೊಂದರಲ್ಲೇ. ಮಳೆ ವರ್ಷಕ್ಕೆ ಸುಮಾರು 19 ಇಂಚು, ನಮ್ಮ ವಿಜಯಪುರಕ್ಕಿಂತ ಕಡಿಮೆ. ನಮ್ಮ ಜೋಳ ಅಲ್ಲೂ ಉಂಟು, ಹೆಸರು ಮೈಲೋ. ಕಂಬೈನ್ ಎಂಬ ಕೊಯ್ಲು ಯಂತ್ರಕ್ಕೆ ಸಿಗುವಂತೆ ಗಿಡ್ಡ ತಳಿ. ರೊಟ್ಟಿಗಲ್ಲ, ದನಕ್ಕೆ ಮತ್ತು ಎಥನಾಲ್‌ಗೆ.

ಊರಿನ ದಕ್ಷಿಣಕ್ಕೆ ನದಿಯಿದೆ. ಅದನ್ನು ಅಲ್ಲಿ 'ಅರ್‌ಕ್ಯಾನ್ಸಸ್' ಎಂದೇ ಕರೆಯಬೇಕು, 'ಆರ್ಕನ್ಸಾ' ಎಂದರೆ ಹೊರಗಿನವನೆಂದು ತಕ್ಷಣ ಗೊತ್ತಾಗುತ್ತದೆ. ಸೇತುವೆ ಮೇಲೆ ನಿಂತು ನೋಡಿದರೆ ಬಹುತೇಕ ವರ್ಷ ಮರಳೇ. ನದಿಯ ಮೇಲ್ಭಾಗದ ಕೊಲೊರಾಡೊ ರಾಜ್ಯದ ಜೊತೆ ಈ ನೀರಿಗಾಗಿ ಕ್ಯಾನ್ಸಸ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ 1907ರಲ್ಲಿ ಸೋತಿತು, 1995ರಲ್ಲಿ ಗೆದ್ದಿತು. ಕೃಷ್ಣೆ, ಕಾವೇರಿಗಳ ಕಥೆ ಕೇಳಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನದಿಯ ಉತ್ತರಕ್ಕೆ ಗಾಳಿ ತಂದು ಹಾಸಿದ ಸಣ್ಣ ಕಣದ ಮಣ್ಣು, ಒಂದು ಅಡಿ ಆಳಕ್ಕೆ ಹತ್ತಿರ ಹತ್ತಿರ ಎರಡು ಇಂಚು ಹಸಿ ಹಿಡಿಯುತ್ತದೆ. ದಕ್ಷಿಣಕ್ಕೆ ಮರಳು ದಿಬ್ಬ. 1905ರಲ್ಲಿ ಸರ್ಕಾರ ಆ ದಿಬ್ಬಗಳನ್ನು ಕಾದಿಟ್ಟು ಕಾಡು ಬೆಳೆಸಲು ಹೊರಟಿತು. ಸಸಿಗಳು ಒಣಗಿದವು, 1915ಕ್ಕೆ ಯೋಜನೆಯೇ ರದ್ದಾಯಿತು. ಈಗ ಅಲ್ಲಿ ಕಾಡೆಮ್ಮೆ ಮೇಯುತ್ತವೆ. ಉತ್ತರದ ಹೊಲಕ್ಕೆ ಹೊಂದುವ ಸಲಹೆಯನ್ನು ದಕ್ಷಿಣದವನಿಗೆ ಕೊಡಬೇಡ.

ಕೌಂಟಿ ಆಡಳಿತ ಶುರುವಾದದ್ದು 1884ರಲ್ಲಿ. ಆಗ ನದಿಯಿಂದ ಕಾಲುವೆ ತೋಡಿದರು; 1906ರಿಂದ 1955ರವರೆಗೆ ಬೀಟ್ ಸಕ್ಕರೆ ಕಾರ್ಖಾನೆ ನಡೆಯಿತು. ಆಮೇಲೆ ಒಗಲ್ಲಾಲ ಎಂಬ ಅಂತರ್ಜಲದ ಪದರಕ್ಕೆ ಸಾಲುಸಾಲು ಬೋರ್ ಇಳಿದವು. ಹತ್ತಿರದ ಹ್ಯೂಗೊಟನ್ ಅನಿಲ ಪಂಪುಗಳಿಗೆ ಅಗ್ಗದ ಇಂಧನವಾಯಿತು. ನೀರಿನಿಂದ ಗೋವಿನಜೋಳ, ಗೋವಿನಜೋಳದಿಂದ ದನ ಕೊಬ್ಬಿಸುವ ದೊಡ್ಡಿಗಳು, ದನದಿಂದ 1980ರಲ್ಲಿ ಹೋಲ್‌ಕಂಬ್ ಬಳಿಯ ಮಾಂಸದ ಕಾರ್ಖಾನೆ, ಅದು ಈಗ ಟೈಸನ್ ಕಂಪನಿಯದು. ಕಾರ್ಖಾನೆಯ ಕೂಲಿಗೆ ಮೆಕ್ಸಿಕೊ, ವಿಯೆಟ್ನಾಂ, ಸೊಮಾಲಿಯಾ, ಬರ್ಮಾದ ಜನ ಬಂದರು. ಮೂಲದಲ್ಲಿ ನೀರು ಸಡಿಲಿದರೆ ಈ ಸರಪಳಿಯ ಕೊನೆಯ ಕೊಂಡಿಯೂ ಅಲ್ಲಾಡುತ್ತದೆ. ಊರಿನ ಇನ್ನೊಂದು ಕಾರ್ಖಾನೆ 2000ದ ಕ್ರಿಸ್ಮಸ್ ದಿನ ಸುಟ್ಟುಹೋಗಿ ಮತ್ತೆ ತೆರೆಯಲೇ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆಲಸ ಒಮ್ಮೆಗೇ ಹೋದವು.

ಇನ್ನು ಹೊಲದ ಲೆಕ್ಕ. ಸರ್ವೆ ನಂಬರ್ ಬದಲು ಅಲ್ಲಿ ಸೆಕ್ಷನ್: ಒಂದು ಚದರ ಮೈಲಿ, 640 ಎಕರೆ. 36 ಸೆಕ್ಷನ್ ಸೇರಿದರೆ ಒಂದು ಟೌನ್‌ಶಿಪ್. ನಂಬರು ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗಿ, ಎತ್ತು ಸಾಲು ತಿರುಗಿದ ಹಾಗೆ ಮತ್ತೆ ಪೂರ್ವಕ್ಕೆ ಬರುತ್ತದೆ. ಕಾಲು ಸೆಕ್ಷನ್ 160 ಎಕರೆ. ಅದರೊಳಗೆ ಪಿವಟ್, ಅಂದರೆ ನಡುವಿನ ಬಿಂದುವಿನ ಸುತ್ತ ತಿರುಗುತ್ತ ನೀರು ಚಿಮುಕಿಸುವ ಉದ್ದ ಕೊಳವೆ, ಸುತ್ತಿದರೆ ನೀರು ಮುಟ್ಟುವುದು ಸುಮಾರು 125 ಎಕರೆಗೆ, ನಾಲ್ಕು ಮೂಲೆ ಮಳೆಯಾಶ್ರಿತ.

ಒಂದು ಎಕರೆಗೆ ಒಂದು ಇಂಚು ನೀರೆಂದರೆ 27,154 ಗ್ಯಾಲನ್. 125 ಎಕರೆಗೆ 34 ಲಕ್ಷದಷ್ಟು. ನಿಮಿಷಕ್ಕೆ 600 ಗ್ಯಾಲನ್ ಕೊಡುವ ಬೋರ್ ಹಗಲು ರಾತ್ರಿ ಓಡಿದರೆ ದಿನಕ್ಕೆ 8.64 ಲಕ್ಷ ಎತ್ತುತ್ತದೆ, ಅಂದರೆ ಕಾಲು ಇಂಚು. ಜುಲೈ ಬಿಸಿಗಾಳಿಯಲ್ಲಿ ಸೂಲಂಗಿ (ತುದಿಯ ಗಂಡು ಹೂ) ಬಿಟ್ಟ ಗೋವಿನಜೋಳಕ್ಕೆ ದಿನಕ್ಕೆ ಇಂಚಿನ ಮೂರನೇ ಒಂದು ಭಾಗ ಬೇಕು. ಕೊರತೆಯನ್ನು ಮಣ್ಣಿನ ಹಸಿ ತುಂಬಬೇಕು. ಬೋರ್ 300ಕ್ಕೆ ಇಳಿದಿದ್ದರೆ ಒಂದು ಇಂಚು ಕೊಡಲು ಎಂಟು ದಿನ. ಅಷ್ಟರಲ್ಲಿ ಬೆಳೆ ಎರಡೂವರೆ ಇಂಚು ಕುಡಿದಿರುತ್ತದೆ. ಆಗ ಸೂಲಂಗಿ ಪರಾಗ ಉದುರಿಸಿ ಮುಗಿದ ಮೇಲೆ ಪರಾಗ ಹಿಡಿಯಬೇಕಾದ ತೆನೆಯ ರೇಷ್ಮೆ ಎಳೆ ಹೊರಬರುತ್ತದೆ. ಗರಿ ಬಿಚ್ಚಿ ನೋಡು, ಅಲ್ಲೊಂದು ಇಲ್ಲೊಂದು ಕಾಳು. ಅಂಥ ಬೋರಿಗೆ ಅರ್ಧ ಸುತ್ತು ಮಾತ್ರ ಗೋವಿನಜೋಳ ಹೇಳು, ಉಳಿದರ್ಧ ಗೋಧಿ. ಗೋಧಿ ಜೂನ್ ಕೊನೆಗೆ ಕೊಯ್ಲಾಗುವುದರಿಂದ ಜುಲೈ ನೀರಿಗೆ ಜಗಳವಿಲ್ಲ.

ಬೋರ್ ಆಳಕ್ಕೆ ಇಳಿಸಿದರಾಯಿತು ಎನ್ನುವವರು ಅಲ್ಲೂ ಸಿಗುತ್ತಾರೆ. ನೀರು ತುಂಬಿದ ಮರಳು, ಜಲ್ಲಿ ಪದರ ತೆಳುವಾಗುತ್ತಿದೆ, ಅದರ ಕೆಳಗೆ ಬಂಡೆ. ಮಟ್ಟ ಸ್ವಲ್ಪ ಇಳಿದರೂ ಬೋರ್ ಕೊಡುವ ನೀರು ಬಹಳ ಕುಸಿಯುವುದು ಇದರಿಂದಲೇ. ಪಂಪ್ ಗಾಳಿ ಎಳೆಯಿತೆಂದರೆ ಒತ್ತಡ ಬಿದ್ದು ಪಿವಟ್ ತುದಿಯ ನಾಜಲ್‌ಗಳು ಬಿಟ್ಟುಬಿಟ್ಟು ಉಗುಳುತ್ತವೆ. ವೃತ್ತದ ಹೆಚ್ಚು ಎಕರೆ ಇರುವುದು ಆ ತುದಿಯಲ್ಲೇ. ರೈತ ತೋರಿಸುವ ಹಕ್ಕುಪತ್ರದಲ್ಲಿ ತಾರೀಖು, ಪ್ರಮಾಣ ಎರಡನ್ನೂ ನೋಡು. 1945ರ ಕಾಯ್ದೆಯಂತೆ ಮೊದಲು ಪಡೆದವನಿಗೆ ಮೊದಲ ಹಕ್ಕು. ಆದರೆ ಕಾಗದದಲ್ಲಿರುವ ನೀರೆಲ್ಲ ಬೋರಿನಲ್ಲಿ ಇರಬೇಕೆಂದಿಲ್ಲ. ನೀರಾವರಿ ಪಂಪುಗಳು ನಿಂತಿರುವ ಜನವರಿಯಲ್ಲಿ ರಾಜ್ಯದ ಭೂವಿಜ್ಞಾನ ಇಲಾಖೆಯವರು ಮಟ್ಟ ಅಳೆಯುತ್ತಾರೆ. ಹತ್ತಿರದ ಬೋರಿನ ಹತ್ತು ವರ್ಷದ ಅಂಕಿ ಸಾಲಾಗಿ ಬರೆದುಕೊಂಡು ಹೋಗು, ಆಮೇಲೆ ಬಾಯಿ ಬಿಡು.

ಗೋಧಿಯಲ್ಲಿ ಒಂದೇ ಎಚ್ಚರ. ಕೊಯ್ಲಿನಲ್ಲಿ ಉದುರಿ ತಾನಾಗಿ ಹುಟ್ಟಿದ ಗೋಧಿಯನ್ನು ಹೊಸ ಬಿತ್ತನೆಗೆ ಎರಡು ವಾರ ಮೊದಲೇ ಪೂರ್ತಿ ಸಾಯಿಸಬೇಕು. ಅದರಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿ ಹಳದಿ ಗೀರಿನ ಮೊಸಾಯಿಕ್ ರೋಗ ತರುತ್ತದೆ, ಬಂದ ಮೇಲೆ ಔಷಧಿಯಿಲ್ಲ. ನುಸಿ ಗಾಳಿಯಲ್ಲಿ ತೇಲಿ ಹೋಗುವುದರಿಂದ ಸೋಮಾರಿಯ ಹೊಲದ ಪಾಪ ಪಕ್ಕದವನಿಗೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಹೊಲಗಳನ್ನು ಒಮ್ಮೆ ಸುತ್ತಿ ಬಾ.

ಅಕ್ಕನಿಗೆ ವಾರಕ್ಕೊಮ್ಮೆ ಫೋನ್ ಮಾಡು.

ನಿನ್ನ ಮಾವ