ಸಂಡೂರಿನ ಗಣಿ ಕೆಸರನ್ನು ನಮ್ಮ ಬಸಿಗಾಲುವೆಯಲ್ಲಿ ಒಮ್ಮೆ ಪರೀಕ್ಷಿಸಿ: ಗಣಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗಣಿ ಮತ್ತು ಭೂವಿಜ್ಞಾನ ಸಚಿವರಿಗೆ ನಮಸ್ಕಾರ.

ನಮ್ಮದು ಹರಿಹರದ ಹತ್ತಿರ ಭತ್ತದ ಗದ್ದೆ. ಅಕ್ಕನನ್ನು ಕೊಟ್ಟಿರುವುದು ಸಂಡೂರಿಗೆ. ನಾವು ಹಾಕುವ ಡಿಎಪಿ ಗೊಬ್ಬರದಲ್ಲಿ ಒಂದಷ್ಟು ಬಸಿನೀರಿನ ಜೊತೆ ಹೊಳೆ ಸೇರುತ್ತದೆ, ಅಲ್ಲಿಂದ ತುಂಗಭದ್ರಾ ಜಲಾಶಯಕ್ಕೆ. ಅದರಲ್ಲಿರುವ ರಂಜಕ (ಫಾಸ್ಫರಸ್) ಪಾಚಿಗೆ ಒಳ್ಳೆ ಊಟ, ನೀರು ಹಸಿರಾಗುವುದಕ್ಕೆ ಇದೂ ಒಂದು ಕಾರಣ. ಅತ್ತ ಅಕ್ಕನ ಊರಿನ ಕಡೆ ಕಬ್ಬಿಣದ ಅದಿರು ತೊಳೆದು ಉಳಿದ ಕೆಂಪು ಕೆಸರು ಸುಮ್ನೆ ಬಿದ್ದಿದೆ.

ಈ ಎರಡನ್ನೂ ಜೋಡಿಸಬಹುದು ಸರ್. ತುಕ್ಕಿನಂಥ ಕಬ್ಬಿಣದ ಕಣಗಳಿಗೆ ರಂಜಕ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಹಳೇ ಕಲ್ಲಿದ್ದಲು ಗಣಿಗಳಿಂದ ಹುಳಿನೀರು ಸೋರುತ್ತದೆ, ಅದನ್ನು ಶುದ್ಧ ಮಾಡಿದ ಮೇಲೆ ಕಿತ್ತಳೆ ಬಣ್ಣದ ಕೆಸರು ಉಳಿಯುತ್ತದೆ. ಅಲ್ಲಿನ ಸರ್ಕಾರಿ ಸಂಸ್ಥೆ ಯುಎಸ್‌ಜಿಎಸ್‌ನ ವಿಜ್ಞಾನಿಗಳು ಆ ಕೆಸರನ್ನು ಒಣಗಿಸಿ, ಅದರ ಮೂಲಕ ಕೃಷಿಯ ಕೊಳೆನೀರು ಹರಿಸಿ ನೋಡಿ, ಅದು ರಂಜಕ ಹಿಡಿಯುತ್ತದೆ ಎಂದು 2009ರಲ್ಲೇ ಪ್ರಕಟಿಸಿದ್ದಾರೆ.

ಸಂಡೂರಿನ ಕೆಸರಿನಲ್ಲಿರುವುದು ಜಾಸ್ತಿ ಹೆಮಟೈಟ್ ಅನ್ನುವ ಕಬ್ಬಿಣದ ಖನಿಜ. ಅದಕ್ಕೆ ಆ ಕೆಸರಿನಷ್ಟು ಹಿಡಿತ ಇರುವುದಿಲ್ಲ, ಅದಕ್ಕೇ ಮೊದಲು ಪರೀಕ್ಷೆ ಆಗಲಿ ಅನ್ನುತ್ತಿದ್ದೇನೆ. ಯೂರಿಯಾದಿಂದ ಬರುವ ನೈಟ್ರೇಟ್ ಇದಕ್ಕೆ ಅಂಟುವುದಿಲ್ಲ, ಅದಕ್ಕೆ ಬೇರೆ ದಾರಿಯೇ ಬೇಕು. ಇನ್ನು, ಕೆಸರನ್ನು ಹಾಗೇ ತಂದು ಹಳ್ಳಕ್ಕೆ ಸುರಿದರೆ ದೊಡ್ಡ ಅನಾಹುತ. 133 ಟಿಎಂಸಿ ಇದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ, ಅದಕ್ಕೆ ಇನ್ನಷ್ಟು ಹೂಳು ಸೇರಿಸಿದಂತಾಗುತ್ತದೆ. ಉಂಡೆ ಕಟ್ಟಿ, ತೊಟ್ಟಿಯಲ್ಲಿ ತುಂಬಿ, ನೀರು ಆಡುತ್ತಿರುವಂತೆ ನೋಡಿಕೊಳ್ಳಬೇಕು. ನೀರು ನಿಂತು ಗಾಳಿ ತಪ್ಪಿದರೆ ಕಬ್ಬಿಣ ಕರಗಿ, ಹಿಡಿದ ರಂಜಕವನ್ನು ವಾಪಸ್ ಬಿಟ್ಟುಬಿಡುತ್ತದೆ. ಸಂಡೂರಿನ ಕೆಸರಿನಲ್ಲಿ ಆರ್ಸೆನಿಕ್, ಸೀಸ, ಮ್ಯಾಂಗನೀಸ್ ಎಷ್ಟಿದೆ ಅಂತ ಮೊದಲೇ ಲ್ಯಾಬಿನಲ್ಲಿ ನೋಡಬೇಕು. ಅದು ನಮ್ಮ ಮಕ್ಕಳು ಕುಡಿಯುವ ನೀರು, ಅಲ್ವಾ?

ನಾನು ಕೇಳುವುದು ದೊಡ್ಡ ಯೋಜನೆ ಅಲ್ಲ. ಒಂದು ಬಸಿಗಾಲುವೆ, ಒಂದು ತೊಟ್ಟಿ, ಒಂದು ಭತ್ತದ ಬೆಳೆ. ಒಳಗೆ ಹೋಗುವ ನೀರನ್ನೂ ಹೊರಗೆ ಬರುವ ನೀರನ್ನೂ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಲೆಕ್ಕವನ್ನು ಊರಿನವರ ಮುಂದೆ ಇಡಿ. ದುಡ್ಡಿನ ವಿಷಯಕ್ಕೆ ಬಂದರೆ, ಗಣಿಯವರು ಕಟ್ಟುವ ಹಣದಿಂದ ನಡೆಯುವ ಬಳ್ಳಾರಿಯ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಕುಡಿಯುವ ನೀರು, ಮಾಲಿನ್ಯ ತಡೆ ಎರಡೂ ಆ ನಿಧಿಯ ಮೊದಲ ಆದ್ಯತೆಗಳಲ್ಲೇ ಬರುತ್ತವೆ. ಆ ಹಣ ಗಣಿ ಬಾಧಿತ ಊರುಗಳದ್ದು, ಹಾಗಾಗಿ ಕೆಸರಿನ ಲ್ಯಾಬ್ ಪರೀಕ್ಷೆಯನ್ನು ಮೊದಲು ಸಂಡೂರಿನಲ್ಲೇ ಶುರು ಮಾಡಿಸಿ.

ಆಮೇಲೆ ತೊಟ್ಟಿ ಕಟ್ಟಲು ಜಾಗ ಬೇಕಾದರೆ ನಮ್ಮ ಗದ್ದೆಯ ಬಸಿಗಾಲುವೆಯನ್ನೇ ತಗೊಳ್ಳಿ. ಅಣ್ಣತಮ್ಮಂದಿರೆಲ್ಲ ಒಪ್ಪಿದ್ದೇವೆ. ನಾಟಿಗೆ ಮುಂಚೆ ಯಾರನ್ನಾದರೂ ಕಳಿಸಿ ಸರ್.

ಇಂತಿ,
ಹರಿಹರ ಕಡೆಯ ಒಬ್ಬ ರೈತ