ಸೈನಿಕನ ಕೆಮ್ಮನ್ನು ನೆಪ ಎನ್ನಬೇಡಿ

ಮಾನ್ಯರೇ,

ಲಡಾಖ್‌ನ ಎತ್ತರದ ಪೋಸ್ಟೊಂದರಲ್ಲಿ ನಮ್ಮ ಸೆಕ್ಷನ್ನಿನ ಹುಡುಗನೊಬ್ಬ ಒಣಕೆಮ್ಮು, ಕೂತಲ್ಲೇ ಏದುಸಿರು ಎಂದು ಎಂಐ ರೂಮಿಗೆ (ಸೇನಾ ಘಟಕದ ವೈದ್ಯಕೀಯ ತಪಾಸಣಾ ಕೊಠಡಿ) ಹೋದ. ‘ಡ್ಯೂಟಿ ತಪ್ಪಿಸಲು ನೆಪ’ ಎಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ರಾತ್ರಿ ನೊರೆ ಬೆರೆತ ನಸುಗೆಂಪು ಕಫ ಬಂತು. ಬೆಳಕಾಗದೆ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಅವನು ಬದುಕಿದ. ಆದರೆ ಅವನ ಮೆಡಿಕಲ್ ಕೆಟಗರಿ, ಅಂದರೆ ಸೇವೆಗೆ ಬೇಕಾದ ದೈಹಿಕ ಅರ್ಹತೆಯ ದರ್ಜೆ, ಇಳಿಯಿತು.

ಇದು ‘ಹೇಪ್’. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ. ಗಟ್ಟಿಮುಟ್ಟಾದ ಯುವಕರನ್ನೂ ಬಿಡುವುದಿಲ್ಲ. ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಲು ಒಂದು ನಿಮಿಷವೂ ಬೇಡ. ಅಂದು ಅದನ್ನೂ ಮಾಡಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಕಾಯಿಲೆಯ ನಟನೆ 1950ರ ಸೇನಾ ಕಾಯ್ದೆಯ 46ನೇ ಕಲಮಿನಡಿ ಅಪರಾಧ, 7 ವರ್ಷದವರೆಗೆ ಜೈಲು. ಕಾನೂನು ಇರಲಿ, ಶಿಸ್ತು ಬೇಕು. ಆದರೆ ಅದರ ಭಯಕ್ಕೆ ನಿಜವಾದ ರೋಗಿಗಳೂ ಬಾಯಿ ಬಿಡುವುದಿಲ್ಲ. ಊರಲ್ಲಾದರೆ ಒಬ್ಬ ಡಾಕ್ಟರು ಕೇಳದಿದ್ದರೆ ಇನ್ನೊಬ್ಬರ ಬಳಿ ಹೋಗಬಹುದು. ಪೋಸ್ಟಿನಲ್ಲಿರುವ ಜವಾನ ಎಲ್ಲಿಗೆ ಹೋಗಬೇಕು?

ಜವಾನ ಹೇಳಿದ ಲಕ್ಷಣಗಳನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು. ವಾಪಸ್ ಕಳಿಸುವ ಮೊದಲು ನಾಡಿ, ಆಮ್ಲಜನಕದ ಮಟ್ಟ ನಮೂದಿಸಲೇಬೇಕು. ಅನುಮಾನವಿದ್ದರೆ ಫೋನಿನಲ್ಲಿ ಇನ್ನೊಬ್ಬ ವೈದ್ಯರನ್ನು ಕೇಳುವ ಹಕ್ಕು ಸಿಪಾಯಿಗೂ ಇರಲಿ. ನಮ್ಮ ಸಂಸದರು ರಕ್ಷಣಾ ಸಚಿವಾಲಯದ ಮುಂದೆ ಇದನ್ನು ಎತ್ತಬೇಕೆಂದು ಕೋರುತ್ತೇನೆ.

– ನಿವೃತ್ತ ಹವಾಲ್ದಾರ್, ಬೆಳಗಾವಿ ಜಿಲ್ಲೆ